ಇಂಗ್ಲೀಷಿನ ಕೆಲವು ಹಳೆಯ ಪದಗಳೂ ಅವುಗಳ ಅರ್ಥವೂ

ಮೊದಲನೆಯ ಜೇಮ್ಸ್ ಅರಸನ ಕಾಲದಲ್ಲಿ, ೧೬೧೧ನೆಯ ಇಸವಿಯಲ್ಲಿ ಅಚ್ಚಾದ ಇಂಗ್ಲೀಷ್ ಸತ್ಯವೇದವನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿನಿಯು ಮೊದಲು ಅಂಜುವುದು ತಾನೆಂದೂ ಕೇಳದ ಪದಗಳಿಗೆ. ‘ವಿಸ್ಟ್’, ‘ಅನಾನ್’ ಮುಂತಾದವು ಎದುರಾದೊಡನೆ ಅವಳು ನಿಂತು ನಿಘಂಟನ್ನು ತೆರೆಯುತ್ತಾಳೆ. ಒಂದಕ್ಕೆ ‘ತಿಳಿದಿದ್ದನು’, ಇನ್ನೊಂದಕ್ಕೆ ‘ಕೂಡಲೆ’ ಎಂಬ ಅರ್ಥವನ್ನು ಕಂಡು ಮುಂದೆ ಸಾಗುತ್ತಾಳೆ. ಇಂಥವುಗಳಿಂದ ಕೇಡೇನೂ ಇಲ್ಲ. ದಿನವೂ ನಮ್ಮ ಬಾಯಲ್ಲಿರುವ ಪದಗಳೇ ಅಲ್ಲಿ ಬೇರೆ ಅರ್ಥವನ್ನು ಹೊತ್ತು ಕುಳಿತಿರುವಾಗ ನಾವು ಮೋಸಹೋಗುತ್ತೇವೆ. ಏಕೆಂದರೆ ತಿಳಿದಿದೆಯೆಂದುಕೊಂಡ ಪದಕ್ಕೆ ನಿಘಂಟನ್ನು ತೆರೆಯುವವರು ಯಾರು?

ಈ ಲೇಖಕಿಯು ಬಾಲ್ಯದಲ್ಲಿ ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯು ಚಿಕ್ಕ ಮಕ್ಕಳನ್ನು ಹತ್ತಿರಕ್ಕೆ ಕರೆದ ವಚನವನ್ನು ಇಂಗ್ಲೀಷಿನಲ್ಲಿ ಬಾಯಿಪಾಠ ಮಾಡಿದ್ದಳು. ಅದರ ಮೊದಲಲ್ಲೇ ‘ಸಫರ್’ ಎಂಬ ಪದವಿದೆ. ಸಫರ್ ಎಂದರೆ ಕಷ್ಟಪಡು ಎಂದು ಪಾಠಪುಸ್ತಕದಿಂದ ಕಲಿತಿದ್ದುದರಿಂದ, ಆತನ ಬಳಿಗೆ ಹೋಗಬೇಕಾದರೆ ಮಕ್ಕಳು ನೋವನ್ನುಣ್ಣಬೇಕೆಂದು ಅವಳು ಭಾವಿಸಿದಳು. ಉಪಾಧ್ಯಾಯಿನಿಯವರನ್ನು ಕೇಳಲು ಧೈರ್ಯವಾಗಲಿಲ್ಲ. ಆ ಅಂಜಿಕೆಯು ಎರಡು ವರ್ಷ ಮನಸ್ಸಿನಲ್ಲೇ ಉಳಿಯಿತು. ಆ ಪದಕ್ಕೆ ಅಲ್ಲಿರುವ ಅರ್ಥವು ‘ಬಿಡು, ಅಪ್ಪಣೆಕೊಡು’ ಎಂಬುದಷ್ಟೇ. ಲ್ಯಾಟಿನಿನಲ್ಲಿ ಅದರ ಮೂಲವು ಹೊರುವುದು, ತಾಳುವುದು ಎಂಬರ್ಥದ್ದು. ನೋವನ್ನು ತಾಳುವುದೂ ಉಂಟು. ಒಬ್ಬರು ಮಾಡುವುದನ್ನು ತಡೆಯದೆ ತಾಳಿಕೊಂಡಿರುವುದೂ ಉಂಟು. ಈ ಎರಡನೆಯ ಅರ್ಥವು ಈಗ ಬಹುಮಟ್ಟಿಗೆ ಬಳಕೆ ತಪ್ಪಿದೆ.

‘ಲೆಟ್’ ಎಂಬ ಪದವು ಇನ್ನೂ ವಿಚಿತ್ರವಾದುದು. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ ಅದರ ಅರ್ಥವು ‘ತಡೆ’ ಎಂದು! ಪ್ರಾಚೀನ ಇಂಗ್ಲೀಷಿನಲ್ಲಿ ಬಿಡು ಎಂಬುದಕ್ಕೆ ಒಂದು ಧಾತು, ತಡೆ ಎಂಬುದಕ್ಕೆ ಮತ್ತೊಂದು ಧಾತು ಇದ್ದು, ಕಾಲಕ್ರಮದಲ್ಲಿ ಎರಡೂ ಒಂದೇ ಉಚ್ಚಾರಕ್ಕೆ ಬಂದುವು. ಒಂದೇ ಪದವು ಒಂದಕ್ಕೊಂದು ವಿರುದ್ಧವಾದ ಎರಡು ಅರ್ಥಗಳನ್ನು ಕೊಡುತ್ತಿದ್ದರೆ ಜನರು ಎಷ್ಟು ಕಾಲ ಸಹಿಸಿಯಾರು? ತಡೆಯೆಂಬ ಅರ್ಥವು ಸೋತಿತು. ಆದರೂ ಪೂರ್ಣವಾಗಿ ಅಳಿಯಲಿಲ್ಲ. ಟೆನ್ನಿಸ್ ಆಟದಲ್ಲಿ ಸರ್ವ್ ಮಾಡಿದ ಚೆಂಡು ಬಲೆಯನ್ನು ಸೋಕಿ ಸರಿಯಾದ ಸ್ಥಳದಲ್ಲೇ ಬಿದ್ದರೆ ‘ಲೆಟ್’ ಎಂದು ಕೂಗುತ್ತಾರೆ. ನಮ್ಮ ದೇಶದ ಪಾಸ್‌ಪೋರ್ಟಿನಲ್ಲಿಯೂ, ಇದನ್ನು ಹೊಂದಿರುವವರನ್ನು ಅಡ್ಡಿಯಿಲ್ಲದೆ ಹೋಗಗೊಡಿಸಿರಿ ಎಂದು ಕೋರುವಲ್ಲಿ ಅಡ್ಡಿಗೆ ಇದೇ ಹಳೆಯ ಪದವಿದೆ.

‘ಪ್ರಿವೆಂಟ್’ ಎಂದರೆ ಆಗ ಮುಂದಾಗಿ ಹೋಗುವುದು. ‘ಕಾನ್ವರ್ಸೇಷನ್’ ಎಂದರೆ ನಡತೆ. ‘ಕ್ವಿಕ್’ ಎಂದರೆ ಜೀವವುಳ್ಳದ್ದು. ‘ಮೀಟ್’ ಎಂಬುದು ಯಾವ ಆಹಾರಕ್ಕಾದರೂ ಸಲ್ಲುತ್ತಿತ್ತು. ಯಾಜಕಕಾಂಡದ ಎರಡನೆಯ ಅಧ್ಯಾಯದಲ್ಲಿ ಹೇಳಿರುವ ‘ಮೀಟ್’ ಅರ್ಪಣೆಯಲ್ಲಿ ಇರುವುದು ಹಿಟ್ಟು, ಎಣ್ಣೆ, ಧೂಪ. ಮಾಂಸದ ತುಣುಕೂ ಇಲ್ಲ.

‘ಚಾರಿಟಿ’ಯ ಕಥೆಯು ನಮಗೆ ಹತ್ತಿರದ್ದು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿಮೂರನೆಯ ಅಧ್ಯಾಯದಲ್ಲಿ ಟಿಂಡೇಲನು ೧೫೨೬ರಲ್ಲಿ ‘ಲವ್’ ಎಂದು ಬರೆದಿದ್ದನು. ೧೬೧೧ರ ಪಂಡಿತರು ಲ್ಯಾಟಿನನ್ನು ಅನುಸರಿಸಿದ ‘ಚಾರಿಟಿ’ಯನ್ನು ಇಟ್ಟರು. ಆಗ ಅದರಲ್ಲಿ ಪ್ರೀತಿಯೆಂಬ ಅರ್ಥವು ತುಂಬಿತ್ತು. ಬರಬರುತ್ತ ಅದು ಭಿಕ್ಷೆ, ದಾನ ಎಂಬಷ್ಟಕ್ಕೆ ಇಳಿಯಿತು. ಸರ್ವಸ್ವವನ್ನು ಬಡವರಿಗೆ ಕೊಟ್ಟರೂ ಇದಿಲ್ಲದಿದ್ದರೆ ವ್ಯರ್ಥವೆಂದು ಅದೇ ಅಧ್ಯಾಯವು ಹೇಳುವುದರಿಂದ, ದಾನವೆಂಬ ಅರ್ಥದಿಂದ ಓದಿದವರಿಗೆ ಮಾತೇ ಹೊಂದುವುದಿಲ್ಲ. ೧೮೮೧ರ ಪರಿಷ್ಕರಣದಲ್ಲಿ ‘ಲವ್’ ಮರಳಿ ಬಂದಿತು. ನಮ್ಮ ‘ಧರ್ಮ’ವೆಂಬ ಮಹಾಪದವೂ ಮನೆಯ ಬಾಗಿಲಲ್ಲಿ “ಧರ್ಮ ಮಾಡಿ ತಾಯೀ” ಎನ್ನುವವರ ಬಾಯಲ್ಲಿ ಒಂದು ಹಿಡಿ ಅಕ್ಕಿಗೆ ಇಳಿದಿದೆಯಲ್ಲವೆ?

ಕೊನೆಗೆ ‘ದೌ’. ಅದು ದೇವರಿಗೆ ಮೀಸಲಾದ ಗೌರವದ ಮಾತೆಂದು ಅನೇಕರು ತಿಳಿದಿದ್ದಾರೆ. ಅದು ನಮ್ಮ ‘ನೀನು’. ‘ಯೂ’ ಎಂಬುದು ‘ನೀವು’. ೧೬೦೩ರಲ್ಲಿ ಸರ್ ವಾಲ್ಟರ್ ರಾಲಿಯ ವಿಚಾರಣೆಯಲ್ಲಿ ಸರಕಾರದ ವಕೀಲನಾದ ಕೋಕ್ ಎಂಬವನು ಅವನನ್ನು ಅವಮಾನಿಸಲೆಂದೇ ‘ದೌ’ ಎಂದನು. ಮುಂದೆ ಕ್ವೇಕರರು ಎಲ್ಲ ಮನುಷ್ಯರೂ ಸಮಾನರೆಂದು ದೊಡ್ಡವರನ್ನೂ ‘ದೌ’ ಎಂದೇ ಕರೆದು ಪೆಟ್ಟುತಿಂದರು. ಸತ್ಯವೇದದಲ್ಲಿಯಾದರೋ ಮೂಲಭಾಷೆಗಳಂತೆ ಒಬ್ಬನಿಗೆ ‘ದೌ’, ಹಲವರಿಗೆ ‘ಯೀ’ ಅಥವಾ ‘ಯೂ’. ಅರಸನಿಗೂ ಆಳಿಗೂ ಭೇದವಿಲ್ಲ. ಲೂಕನ ಸುವಾರ್ತೆಯ ೨೨ನೆಯ ಅಧ್ಯಾಯದ ೩೧, ೩೨ನೆಯ ವಚನಗಳನ್ನು ನೋಡಿರಿ. ಸೈತಾನನು ಕೇಳಿಕೊಂಡದ್ದು ಶಿಷ್ಯರೆಲ್ಲರನ್ನು. ಸ್ವಾಮಿಯು ಪ್ರಾರ್ಥಿಸಿದೆನೆಂದು ಹೇಳಿದ್ದು ಸೀಮೋನನೊಬ್ಬನಿಗಾಗಿ. ಈಗಿನ ಇಂಗ್ಲೀಷಿನಲ್ಲಿ ಎರಡೂ ‘ಯೂ’ ಆಗಿ ಆ ಭೇದವು ಮರೆಯಾಗಿದೆ. ಕನ್ನಡದ ಹುಡುಗಿಗೆ ಅದು ‘ನಿಮ್ಮನ್ನು’, ‘ನಿನಗಾಗಿ’ ಎಂಬ ಎರಡು ಮಾತುಗಳಲ್ಲಿಯೇ ತಿಳಿದುಹೋಗುತ್ತದೆ.