ತಕ್ಕಡಿಗೆ ಸಿಗದ ನವಿಲು

ಕಳೆದ ತಿಂಗಳು ಕದ್ರಿಯ ನಮ್ಮ ಮನೆಗೆ ತಂಗಿಯ ಮಗಳು ಒಂದು ಹಳೆಯ ಭಾವಚಿತ್ರವನ್ನು ಹಿಡಿದು ಬಂದಳು. 1953ರಲ್ಲಿ, ಮದುವೆಯಾದ ಹೊಸತರಲ್ಲಿ, ನನ್ನ ತಾಯಿ–ತಂದೆ ಸ್ಟುಡಿಯೋದಲ್ಲಿ ತೆಗೆಸಿಕೊಂಡ ಕಪ್ಪು ಬಿಳುಪು ಚಿತ್ರವದು. ತಾಯಿಯ ಎಡಭುಜದಲ್ಲಿ, ಸೆರಗು ರವಿಕೆಯನ್ನು ಕೂಡುವೆಡೆ, ಒಂದು ಚಿನ್ನದ ಬ್ರೋಚು. ಗರಿಯನ್ನು ಇಳಿಬಿಟ್ಟ ನವಿಲು. ಅಂಥದೇ ಒಂದನ್ನು ತನ್ನ ಮದುವೆಗೆ ಮಾಡಿಸಿಕೊಳ್ಳಬೇಕೆಂಬುದು ಅವಳ ಆಸೆ. ರಥಬೀದಿಯ ಅಕ್ಕಸಾಲಿಗರೊಬ್ಬರು ಚಿತ್ರವನ್ನು ನೋಡಿ ಮೂರು ಪ್ರಶ್ನೆ ಕೇಳಿದ್ದರಂತೆ. ಗರಿಯಲ್ಲಿ ಕಲ್ಲುಗಳೆಷ್ಟು? ತಗಡಿನ ಕೆಲಸವೋ, ತಂತಿಯ ಕೆಲಸವೋ? ಹಿಂಬದಿಯ ಕೊಕ್ಕೆ ಯಾವ ಬಗೆಯದು? “ಅದು ಈಗ ಯಾರ ಬಳಿ ಇದೆ ಮಾವ?” ಎಂದಳು. ಯಾರ ಬಳಿಯೂ ಇರಲಿಲ್ಲ. 1998ರಲ್ಲಿ ಅದನ್ನು ಕರಗಿಸಿದವನು ನಾನೇ.

ತಾಯಿ ತೀರಿಕೊಂಡ ವರ್ಷವದು. ನಾವು ಮೂವರು ಮಕ್ಕಳು. ಬಳೆ, ಸರಗಳ ಪಾಲು ಸುಲಭವಾಗಿ ಮುಗಿಯಿತು. ಉಳಿದದ್ದು ಈ ಬ್ರೋಚು. ಅಜ್ಜಿಯಿಂದ ತಾಯಿಗೆ ಬಂದದ್ದು, ತೂಕ ಒಂದು ಪವನಿಗೆ ಕೊಂಚ ಕಡಿಮೆ. ಅದು ತನಗಿರಲಿ ಎಂದು ತಂಗಿ ಮೆಲ್ಲಗೆ ಹೇಳಿದ್ದಳು. ಹಿರಿಯನಾದ ನಾನು, ಅದರಲ್ಲೂ ಸರ್ಕಾರಿ ಕಡತಗಳಲ್ಲಿ ನ್ಯಾಯಸಮ್ಮತ ಹಂಚಿಕೆಯ ಬಗ್ಗೆ ದಿನವೂ ಟಿಪ್ಪಣಿ ಬರೆಯುತ್ತಿದ್ದವನು, ಒಬ್ಬರಿಗೆ ಹೆಚ್ಚು ಇನ್ನೊಬ್ಬರಿಗೆ ಕಡಿಮೆ ಆಗಬಾರದೆಂದು ಹಟ ಹಿಡಿದೆ. ಆಗ ಚಿನ್ನದ ಬೆಲೆ ಹತ್ತು ಗ್ರಾಂಗೆ ನಾಲ್ಕು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಅಂಗಡಿಯಲ್ಲಿ ಕಲ್ಲು ಕಿತ್ತು, ಕರಗಿಸಿ, ಬೆಸುಗೆಯ ಕಸರು ಕಳೆದು ಕೈಗೆ ಕೊಟ್ಟದ್ದು 2,700 ರೂಪಾಯಿ. ತಲಾ 900. ಕಲ್ಲುಗಳನ್ನು ಕಾಗದದ ಪೊಟ್ಟಣದಲ್ಲಿ ಹಿಂತಿರುಗಿಸಿದರು. ತಂಗಿ ತನ್ನ ಪಾಲನ್ನು ಎಣಿಸದೆ ತೆಗೆದುಕೊಂಡಳು.

ಈ ಪುಟ್ಟ ಆಭರಣ ನಮ್ಮಲ್ಲಿಗೆ ಬಂದ ಬಗೆಯೇ ಒಂದು ಸಾಮಾಜಿಕ ಇತಿಹಾಸ. ಬೇಲೂರಿನ ಮದನಿಕೆಯರ ಮೈಮೇಲೆ ಹಾರ, ತೋಳಬಂದಿ, ಡಾಬು ಎಲ್ಲವೂ ಇವೆ. ಬಟ್ಟೆಗೆ ಚುಚ್ಚುವ ಒಡವೆಯನ್ನು ನಾನು ಕಂಡಿಲ್ಲ. ನೆರಿಗೆ ಮತ್ತು ಗಂಟುಗಳಿಂದಲೇ ನಿಲ್ಲುವ ಉಡುಪಿಗೆ ಪಿನ್ನಿನ ಅಗತ್ಯವೇ ಇರಲಿಲ್ಲ. ಯುರೋಪಿನಲ್ಲಾದರೋ ರೋಮನ್ನರ ಕಾಲಕ್ಕೂ ಮೊದಲಿನಿಂದ ಮೇಲುವಸ್ತ್ರವನ್ನು ಭುಜದಲ್ಲಿ ಹಿಡಿದಿಡಲು ಬ್ರೋಚು ಬೇಕಿತ್ತು. ಭಾರತದಲ್ಲಿ ಸೀರೆಗೆ ಅದನ್ನು ರೂಢಿಗೆ ತಂದವರಲ್ಲಿ ಜ್ಞಾನದಾನಂದಿನಿ ದೇವಿ ಪ್ರಮುಖರು. 1863ರಲ್ಲಿ ಐಸಿಎಸ್‌ಗೆ ಆಯ್ಕೆಯಾದ ಮೊದಲ ಭಾರತೀಯ ಸತ್ಯೇಂದ್ರನಾಥ ಟ್ಯಾಗೋರರ ಪತ್ನಿ ಆಕೆ. ಮುಂಬಯಿಯಲ್ಲಿ ಪಾರ್ಸಿ ಮಹಿಳೆಯರ ಉಡುಗೆಯನ್ನು ನೋಡಿ, ರವಿಕೆ, ಒಳಲಂಗ, ಎಡಭುಜದ ಸೆರಗು ಹಾಗೂ ಅದನ್ನು ಹಿಡಿಯುವ ಬ್ರೋಚು ಕೂಡಿದ ಉಡುಗೆಯನ್ನು ರೂಪಿಸಿದರು. ಬ್ರಹ್ಮಸಮಾಜದ ಮಹಿಳೆಯರು ಅದನ್ನು ಉಟ್ಟು ಮನೆಯಿಂದ ಹೊರಗೆ, ಸಭೆಗೆ, ಶಾಲೆಗೆ ಬಂದರು. ಸತ್ಯೇಂದ್ರನಾಥರು ನಮ್ಮ ಕಾರವಾರದಲ್ಲಿಯೂ ನ್ಯಾಯಾಧೀಶರಾಗಿದ್ದರು; 1880ರ ದಶಕದ ಆರಂಭದಲ್ಲಿ ತಮ್ಮ ರವೀಂದ್ರನಾಥರು ಅಲ್ಲಿ ಬಂದು ತಂಗಿದ್ದುಂಟು. ಮಂಗಳೂರಿನಲ್ಲಿಯೂ 1870ರಲ್ಲೇ ಬ್ರಹ್ಮಸಮಾಜ ಸ್ಥಾಪನೆಯಾಗಿತ್ತು. ಹೀಗಾಗಿ ಬ್ರೋಚು ಕೇವಲ ಅಲಂಕಾರವಲ್ಲ. ಹೆಣ್ಣುಮಕ್ಕಳು ಹೊಸಿಲು ದಾಟಿದ ಕಾಲದ ಗುರುತು.

ವಿನ್ಯಾಸಗಳಲ್ಲೂ ಕಾಲದ ಹೆಜ್ಜೆಗಳಿವೆ. 1861ರಲ್ಲಿ ಪತಿ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಶೋಕಾಚರಣೆಯನ್ನು ಬಿಡಲೇ ಇಲ್ಲ. ಇಂಗ್ಲೆಂಡಿನಲ್ಲಿ ಕಪ್ಪು ಜೆಟ್ ಕಲ್ಲಿನ, ಅಗಲಿದವರ ಕೂದಲೆಳೆಯನ್ನು ಗಾಜಿನಡಿ ಇರಿಸಿದ ಬ್ರೋಚುಗಳು ಮನೆಮಾತಾದವು. ಇಟಲಿಯಿಂದ ಚಿಪ್ಪಿನಲ್ಲಿ ಮುಖ ಕೊರೆದ ಕ್ಯಾಮಿಯೋ ಬಂತು. ಶತಮಾನದ ತಿರುವಿನಲ್ಲಿ ಬಳ್ಳಿ, ಏರೋಪ್ಲೇನ್ ಚಿಟ್ಟೆ. 1920ರ ದಶಕದಲ್ಲಿ ನೇರಗೆರೆಯ ರೇಖಾಕೃತಿಗಳು. ಅತ್ತ ನಮ್ಮ ಜಿಲ್ಲೆ ಸೇರಿದ್ದ ಮದರಾಸು ಪ್ರಾಂತದ ರಾಜಧಾನಿಯಲ್ಲಿ ಪಿ. ಆರ್ ಅಂಡ್ ಸನ್ಸ್ ಸಂಸ್ಥೆ ದೇವತಾಮೂರ್ತಿಗಳನ್ನು ಉಬ್ಬಿಸಿದ ‘ಸ್ವಾಮಿ’ ಆಭರಣಗಳನ್ನು ಆಂಗ್ಲರಿಗೆ ಮಾರುತ್ತಿತ್ತು. ಹುಲಿಯುಗುರಿಗೆ ಚಿನ್ನದ ಕಟ್ಟು ಹಾಕಿದ ಬ್ರೋಚುಗಳೂ ಆ ಕಾಲದವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಅವು ಅಲಂಕಾರವಲ್ಲ, ಅಪರಾಧ.

ಬ್ರೋಚಿನ ಕಾಲ ನಿರ್ಣಯಕ್ಕೆ ಮುಂಭಾಗಕ್ಕಿಂತ ಹಿಂಭಾಗವೇ ಹೆಚ್ಚು ನೆರವಾಗುತ್ತದೆ. ಬೀಗವಿಲ್ಲದ ಸರಳ ಕೊಕ್ಕೆ, ಅಂಚನ್ನೂ ಮೀರಿ ಚಾಚುವ ಸೂಜಿ ಇದ್ದರೆ ಅದು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ್ದು ಅಥವಾ ಆ ಬಳಿಕದ ಒಂದೆರಡು ದಶಕಗಳದ್ದು. ಹೊರಳಿ ಮುಚ್ಚುವ ಬೀಗ ಸಾಮಾನ್ಯವಾದದ್ದು ಆಮೇಲೆ. ಆಂಗ್ಲ ಬ್ರೋಚಿನಲ್ಲಿ 15 ಕ್ಯಾರೆಟ್ ಮುದ್ರೆ ಇದ್ದರೆ ಅದು 1854 ಮತ್ತು 1932ರ ನಡುವಿನದು. ಆ ದರ್ಜೆ ಬ್ರಿಟನ್ನಿನಲ್ಲಿ ಚಾಲ್ತಿಯಲ್ಲಿದ್ದದ್ದು ಆ ಅವಧಿಯಲ್ಲಿ ಮಾತ್ರ. ನಮ್ಮ ಅಕ್ಕಸಾಲಿಗರ ಕೃತಿಗಳಿಗೆ ಮುದ್ರೆಯಿಲ್ಲ, ಸಹಿಯಿಲ್ಲ. ಅವರ ಕೈಯ ಗುರುತು ಇರುವುದು ಬೆಸುಗೆಯ ನವಿರಿನಲ್ಲಿ, ಕಲ್ಲು ಕೂರಿಸಿದ ಕುಂದಣದಲ್ಲಿ. ಕರಗಿಸಿದರೆ ಅದೂ ಇಲ್ಲ.

ಬ್ರೋಚು ಮರೆಗೆ ಸರಿದದ್ದಕ್ಕೆ ಕಾರಣಗಳುಂಟು. 1849ರಲ್ಲಿ ಅಮೆರಿಕದ ವಾಲ್ಟರ್ ಹಂಟ್ ಸೇಫ್ಟಿಪಿನ್ನಿಗೆ ಪೇಟೆಂಟ್ ಪಡೆದು, ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟ. ಕಾಲಕ್ರಮದಲ್ಲಿ ಕಾಸಿಗೆ ಸಿಗುವ ಆ ತಂತಿ ಚಿನ್ನದ ಬ್ರೋಚಿನ ಕೆಲಸವನ್ನು ಕಸಿದುಕೊಂಡಿತು. ನಮ್ಮಲ್ಲಿ 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರು ತಂದ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರೆಟ್ಟಿಗೆ ಮೀರಿದ ಹೊಸ ಆಭರಣ ತಯಾರಿಕೆಯನ್ನು ನಿರ್ಬಂಧಿಸಿದವು. ಅಸಂಖ್ಯ ಅಕ್ಕಸಾಲಿಗರು ಕಸುಬು ಬಿಟ್ಟರು. 1968ರ ಚಿನ್ನ ನಿಯಂತ್ರಣ ಕಾಯ್ದೆ ರದ್ದಾಗುವ ಹೊತ್ತಿಗೆ 1990 ಬಂದಿತ್ತು. ಕಾನೂನನ್ನು ಹಿಂಪಡೆಯಬಹುದು, ಒಂದು ತಲೆಮಾರು ಕಳೆದುಕೊಂಡ ಕೈಚಳಕವನ್ನು ಹಿಂಪಡೆಯುವುದು ಸುಲಭವಲ್ಲ.

2025ರಲ್ಲಿ ಚಿನ್ನದ ಬೆಲೆ ಹತ್ತು ಗ್ರಾಂಗೆ ಒಂದು ಲಕ್ಷ ರೂಪಾಯಿ ದಾಟಿತು. ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವ ಸೆಳೆತ ಇಂಥ ಹೊತ್ತಿನಲ್ಲಿ ಬಲವಾಗುವುದು ಸಹಜ. ಕೊಳ್ಳುವಾಗ ತೇಮಾನು, ಮಜೂರಿ ಎಂದು ಕುಶಲತೆಗೆ ಬೆಲೆ ತೆರುತ್ತೇವೆ; ಮಾರುವಾಗ ಅದೇ ಕುಶಲತೆಗೆ ಸೊನ್ನೆ. 2021ರಿಂದ ಕಡ್ಡಾಯವಾಗತೊಡಗಿದ ಹಾಲ್‌ಮಾರ್ಕ್ ವ್ಯವಸ್ಥೆ ಸ್ವಾಗತಾರ್ಹವೇ. ಪ್ರತಿ ಆಭರಣಕ್ಕೂ ಆರು ಅಕ್ಷರಾಂಕಗಳ ಗುರುತು ಬಂದಿದೆ. ಆದರೆ ಅದು ಲೋಹದ ಶುದ್ಧತೆಗೆ ಸಾಕ್ಷಿ, ಮಾಡಿದವರ ಕೈಗಲ್ಲ. ಆಸ್ಪತ್ರೆಯ ಬಿಲ್ಲಿಗೋ, ಮಕ್ಕಳ ಶುಲ್ಕಕ್ಕೋ ಒಡವೆ ಮಾರುವವರಿಗೆ ಉಪದೇಶ ಮಾಡುವ ಅಧಿಕಾರ ಯಾರಿಗೂ ಇಲ್ಲ, ಚಿನ್ನವಿರುವುದೇ ಆಪತ್ತಿಗೆ. ನಾನು ಹೇಳುತ್ತಿರುವುದು ಆಪತ್ತಿಲ್ಲದೆ ಕರಗಿಸುವ ನನ್ನಂಥವರ ಬಗ್ಗೆ.

ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ಅವಿಭಾಜ್ಯ ಸರಕಿನ ಪಾಠವನ್ನು ನಾನೂ ಓದಿದ್ದೆ. ವಸ್ತುವನ್ನು ತುಂಡರಿಸಲಾಗದಿದ್ದಾಗ, ಅದನ್ನು ಹೆಚ್ಚು ಬಯಸುವವರು ಇಟ್ಟುಕೊಂಡು ಉಳಿದವರಿಗೆ ಹಣ ತುಂಬಿಕೊಡುವುದು ಅದರ ಸರಳ ಪರಿಹಾರ. ತಂಗಿ 1,800 ರೂಪಾಯಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ಕೊಡಲು ಅವಳು ಸಿದ್ಧಳೂ ಇದ್ದಳು. ಸಮಾನತೆಯನ್ನು ತೂಕದಲ್ಲಿ ಮಾತ್ರ ಕಂಡ ನನಗೆ ಆ ಪಾಠ ನೆನಪಾಗಲಿಲ್ಲ.

ಮನೆಯಿಂದ ಕಾಲ್ನಡಿಗೆಯ ದೂರದಲ್ಲಿ ಕದ್ರಿ ಮಂಜುನಾಥ ದೇಗುಲವಿದೆ. ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹವನ್ನು ಆಳುಪ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನ ಹೇಳುತ್ತದೆ. ಮೂರು ಮುಖ, ಆರು ತೋಳು. ಕಿರೀಟ, ಹಾರಗಳ ಸೂಕ್ಷ್ಮ ಕೆತ್ತನೆ ಇಂದಿಗೂ ಕಣ್ಣಿಗೆ ಕಟ್ಟುತ್ತದೆ. ಸಾವಿರ ವರ್ಷಗಳಲ್ಲಿ ಯಾರಾದರೊಬ್ಬರು ಅದನ್ನು ಕಂಚಿನ ತೂಕದಲ್ಲಿ ಲೆಕ್ಕ ಹಾಕಿದ್ದರೆ ನಮಗೆ ಉಳಿಯುತ್ತಿದ್ದದ್ದು ಕೆಲವು ಪಾತ್ರೆಗಳು.

ಓದುಗರಲ್ಲಿ ನನ್ನ ಕೋರಿಕೆ ಸಣ್ಣದು. ಲಾಕರಿನಲ್ಲಿರುವ ಹಳೆಯ ಬ್ರೋಚು, ಪದಕ, ಸೆರಗಿನ ಪಿನ್ನುಗಳನ್ನು ಮಾರುವ ಮೊದಲು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಎರಡೂ ಬದಿಯ ಚಿತ್ರ ತೆಗೆಯಿರಿ. ಯಾರು ತೊಟ್ಟದ್ದು, ಯಾವಾಗ, ಯಾರು ಮಾಡಿದ್ದು ಎಂದು ಒಂದು ಚೀಟಿ ಬರೆದಿಡಿ. ಕರ್ನಲ್ ಮಿರಾಜಕರರ ಔದಾರ್ಯದಿಂದ 1960ರಲ್ಲಿ ಬಿಜೈಯಲ್ಲಿ ಆರಂಭವಾದ ಶ್ರೀಮಂತಿಬಾಯಿ ಸರ್ಕಾರಿ ವಸ್ತುಸಂಗ್ರಹಾಲಯದಂಥ ಸಂಸ್ಥೆಗಳು ಕರಾವಳಿಯ ಮನೆಗಳ ಇಂಥ ಚಿತ್ರಗಳನ್ನು ಸಂಗ್ರಹಿಸಬಹುದು. ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ.

ಆ ಕಾಗದದ ಪೊಟ್ಟಣ ನನ್ನ ಮೇಜಿನ ಖಾನೆಯಲ್ಲಿಯೇ ಇತ್ತು. ಬಿಚ್ಚಿದಾಗ ಹನ್ನೊಂದು ಕೆಂಪು ಕಲ್ಲುಗಳಿದ್ದವು. ಅಕ್ಕಸಾಲಿಗರ ಒಂದು ಪ್ರಶ್ನೆಗಾದರೂ ಉತ್ತರ ಸಿಕ್ಕಿತೆಂದು ಅವಳು ಸಂತೋಷಪಟ್ಟಳು. ಕೊಕ್ಕೆ ಹೇಗಿತ್ತೆಂದು ಕೇಳಲು ತಂಗಿಗೆ ಫೋನ್ ಮಾಡಿದೆ. ಅವಳಿಗೆ ಎಲ್ಲವೂ ನೆನಪಿತ್ತು.