ಗರಿಗಳ ಕೆಳಗೆ ಉಪಗ್ರಹಕ್ಕೆ ಕಾಣದ ಊರು

ತಿಪಟೂರು ಸೀಮೆಯಲ್ಲಿ ತುರುವೇಕೆರೆಯದೋ ಚಿಕ್ಕನಾಯಕನಹಳ್ಳಿಯದೋ ಯಾವುದಾದರೊಂದು ಹಳ್ಳಿಯ ಉಪಗ್ರಹ ಚಿತ್ರವನ್ನು ಫೋನಿನಲ್ಲಿ ತೆರೆದು ನೋಡಿ. ಹಸಿರು ನಕ್ಷತ್ರಗಳನ್ನು ಸಾಲಾಗಿ ಅಂಟಿಸಿದಂತೆ ತೆಂಗಿನ ತಲೆಗಳು ಕಾಣುತ್ತವೆ. ಪುರಸೊತ್ತಿದ್ದರೆ ಮರಗಳನ್ನು ಒಂದೊಂದಾಗಿ ಎಣಿಸಲೂಬಹುದು. ಆದರೆ ಅವುಗಳ ಬುಡದಲ್ಲಿರುವ ವೀರಗಲ್ಲು, ಮೂಲೆಯ ಹಳೇ ಬಾವಿ, ತೋಟ ಸೀಳಿಕೊಂಡು ಹೋಗುವ ಕಾಲುದಾರಿ ಯಾವುದೂ ಕಾಣುವುದಿಲ್ಲ. ಈ ಸೀಮೆಯ ಭೂಗೋಳದ ಒಳ್ಳೆಯ ಪಾಲು ಗರಿಗಳ ಕೆಳಗೇ ಇದೆ. ಅಲ್ಲಿ ದಿನಾ ಓಡಾಡಿಕೊಂಡಿರುವವರು ಶಾಲೆ ಮಕ್ಕಳು.

ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆ 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾಯಿತು. ಊರಿನ ಹೆಸರನ್ನು ಕನ್ನಡದಲ್ಲೇ ಬರೆಯಲು ಅದರಲ್ಲಿ ಜಾಗವಿದೆ. ಕನ್ನಡ ವಿಕಿಪೀಡಿಯ ಅದಕ್ಕಿಂತ ಒಂದು ವರ್ಷ ಹಳೆಯದು. ಬೆಂಗಳೂರಿನ ಕ್ರೈಸ್ಟ್, ಮೂಡುಬಿದಿರೆಯ ಆಳ್ವಾಸ್ ವಿದ್ಯಾರ್ಥಿಗಳು ಅದಕ್ಕೆ ಬರೆದಿದ್ದಾರೆ. ತಿಪಟೂರು ಸೀಮೆಯ ಮಕ್ಕಳಿಗೆ ಬರೆಯಲು ವಿಷಯ ಇನ್ನೂ ಹೆಚ್ಚೇ ಇದೆ. ಒಂದು ಕಲ್ಲಿನಿಂದಲೇ ಶುರು ಮಾಡೋಣ.

ಕಲ್ಲಿನ ಪಕ್ಕ ಫೋನ್ ಹಿಡಿದು ನಿಂತರೆ ನೀಲಿ ಚುಕ್ಕೆ ಮೂಡುತ್ತದೆ. ಸುಮಾರು 20,200 ಕಿ.ಮೀ. ಎತ್ತರದ ಜಿಪಿಎಸ್ ಉಪಗ್ರಹ ‘ಈಗ ಇಷ್ಟು ಹೊತ್ತು’ ಎಂದು ಸಾರುತ್ತಲೇ ಇರುತ್ತದೆ. ನೆತ್ತಿಯ ಮೇಲಿನ ಉಪಗ್ರಹದ ಸಂಕೇತ ನಮಗೆ ಮುಟ್ಟಲು ಸೆಕೆಂಡಿನ ಹದಿನೈದನೇ ಒಂದು ಭಾಗ ಸಾಕು. ಎಷ್ಟು ತಡವಾಗಿ ಬಂತು ಎಂಬುದರಿಂದ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ನಾವು ನಿಂತ ಜಾಗ ಗೊತ್ತಾಗುತ್ತದೆ. ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ನಮ್ಮದೇ ನಾವಿಕ್ ಉಪಗ್ರಹಗಳೂ ಇದೇ ಕೆಲಸ ಮಾಡುತ್ತವೆ. ಅವನ್ನು ಹದ್ದುಬಸ್ತಿನಲ್ಲಿಡುವ ಇಸ್ರೋ ಕೇಂದ್ರ ಇರುವುದು ಪಕ್ಕದ ಹಾಸನದಲ್ಲೇ.

ಬಯಲಿನಲ್ಲಿ ಸಾಧಾರಣ ಫೋನಿನ ಲೆಕ್ಕ ಸುಮಾರು 5 ಮೀಟರ್ ಆಚೀಚೆ ಆಗುತ್ತದೆ. ತೋಟದೊಳಗೆ ಗರಿಗಳು ಸಂಕೇತವನ್ನು ತಗ್ಗಿಸುತ್ತವೆ. ಗೋಡೆಗೋ ತಗಡಿನ ಸೂರಿಗೋ ಬಡಿದು ಬಳಸಿ ಬಂದ ಸಂಕೇತ ದೂರವನ್ನು ಹಿಗ್ಗಿಸಿ ಹೇಳುತ್ತದೆ. ತೆಂಗಿನ ಸಾಲಿನ ಅಂತರವೇ 25-30 ಅಡಿ, ಅಂದರೆ ಎಂಟೊಂಬತ್ತು ಮೀಟರ್. ಹೀಗಾಗಿ ನಕ್ಷೆಯಲ್ಲಿ ಕಲ್ಲು ಸಲೀಸಾಗಿ ಪಕ್ಕದ ಸಾಲಿಗೆ ದಾಟುತ್ತದೆ. ಗ್ರಹಚಾರ ಕೆಟ್ಟರೆ ಪಕ್ಕದವರ ತೋಟಕ್ಕೇ. ಬದುವಿನ ಜಗಳ ಮೊದಲೇ ಸಾಕಷ್ಟಿರುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಅದಕ್ಕೇ ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಅಳೆದು ತಾಳೆ ನೋಡಬೇಕು. ಅಷ್ಟರಲ್ಲಿ ಉಪಗ್ರಹಗಳು ಜಾಗ ಬದಲಿಸಿರುತ್ತವೆ, ತಪ್ಪೂ ಬದಲಾಗಿರುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಬಿ.ಎಲ್. ರೈಸ್ ಅವರ ಬಳಿ ಇಂಥದ್ದೇನೂ ಇರಲಿಲ್ಲ. ಶಾಲಾ ತನಿಖೆಗೆಂದು ಮೈಸೂರು ಸಂಸ್ಥಾನದ ಊರೂರು ತಿರುಗಿದ ಅವರು ಮುಂದೆ ಶಾಸನಗಳನ್ನು ಸಂಗ್ರಹಿಸಿದರು. ತುಮಕೂರು ಜಿಲ್ಲೆಯ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟವಾಗಿ 1904ರಲ್ಲಿ ಅಚ್ಚಾದವು. ತಿಪಟೂರು, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಿಗೆ ಅಲ್ಲಿ ಬೇರೆ ಬೇರೆ ಕ್ರಮಸಂಖ್ಯೆಗಳಿವೆ. ಕಲ್ಲಿರುವ ಜಾಗವನ್ನು ಮಾತ್ರ ಅವರು ಗುಡಿಯ ಮುಂದೆ, ಊರ ಪಕ್ಕ ಎಂಬ ಧಾಟಿಯಲ್ಲೇ ಬರೆಯಬೇಕಿತ್ತು. ನೂರಿಪ್ಪತ್ತು ವರ್ಷದಲ್ಲಿ ಹೊಲ ತೋಟವಾಗಿದೆ, ಗುಡಿ ಹೊಸದಾಗಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಅಲ್ಲಿನ ಶಾಸನಗಳನ್ನು ಹುಡುಕಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಹೊರಟಾಗ, ಪುಸ್ತಕದಲ್ಲಿರುವ ಎಷ್ಟೋ ಕಲ್ಲುಗಳು ನೆಲದ ಮೇಲೆ ಇರಲಿಲ್ಲ. ಪುಸ್ತಕ ಹಿಡಿದು ಹೋಗಿ ಕಲ್ಲು ಇದೆಯೋ ಇಲ್ಲವೋ ಎಂದು ನೋಡಿ ಬರುವುದು ಎಂಟನೇ ಕ್ಲಾಸಿನ ಮಕ್ಕಳಿಗೂ ಆಗುವ ಕೆಲಸ.

ಕಲ್ಲು ಸಿಕ್ಕ ಮೇಲೆ ಅರಿಶಿನವನ್ನೋ ಸೀಮೆಸುಣ್ಣವನ್ನೋ ಬಳಿಯಬೇಡಿ. ಸಂಜೆಗತ್ತಲಲ್ಲಿ ಫೋನಿನ ಟಾರ್ಚನ್ನು ಕಲ್ಲಿಗೆ ಕೆನ್ನೆ ತಾಗಿಸಿದಂತೆ ಪಕ್ಕದಿಂದ ಹಿಡಿಯಿರಿ. ಎದುರು ಬೆಳಕಿನಲ್ಲಿ ಬರೀ ಒರಟು ಮೈಯಾಗಿದ್ದ ಕಲ್ಲಿನಲ್ಲಿ ಮೊದಲು ಒಂದು ಗೆರೆ, ಆಮೇಲೆ ಕುದುರೆಯ ಕಾಲು, ಅದರ ಮೇಲೊಂದು ಸಾಲು ಅಕ್ಷರ ಏಳುತ್ತವೆ. ಕೂದಲೆಳೆಯಷ್ಟು ತಗ್ಗೂ ಓರೆ ಬೆಳಕಿಗೆ ಉದ್ದ ನೆರಳು ಚೆಲ್ಲುತ್ತದೆ, ಅಷ್ಟೇ. ಟಾರ್ಚನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನಾಲ್ಕು ಫೋಟೊ ತೆಗೆದರೆ, ಒಂದರಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಸಿಗುತ್ತದೆ.

ಇಲ್ಲಿ ನನ್ನದೊಂದು ತಕರಾರಿದೆ. ನಿಧಿಯ ಆಸೆಗೆ ನಂದಿಯನ್ನೂ ವೀರಗಲ್ಲನ್ನೂ ಕಿತ್ತುಹಾಕುವವರು ನಮ್ಮ ನಾಡಿಗೆ ಹೊಸಬರಲ್ಲ. ಒಂಟಿ ತೋಟದ ಕಲ್ಲಿನ ಜಾಗವನ್ನು ಕರಾರುವಾಕ್ಕಾಗಿ ಊರಿಗೆಲ್ಲ ಸಾರುವುದು ಬೇಡ. ಅಕ್ಷಾಂಶದಲ್ಲಿ ದಶಮಾಂಶದ ಐದನೇ ಸ್ಥಾನ ಒಂದು ಮೀಟರಿನ ಲೆಕ್ಕ, ಮೂರನೆಯದು 110 ಮೀಟರಿನದು, ಎರಡನೆಯದು ಒಂದು ಕಿ.ಮೀ.ಗಿಂತ ತುಸು ಹೆಚ್ಚು. ತಿಪಟೂರು ಪಟ್ಟಣ 13.26, 76.48ರ ಆಸುಪಾಸಿನಲ್ಲಿದೆ. ಅರಳಗುಪ್ಪೆಯ ಕಲ್ಲೇಶ್ವರ ಗುಡಿಯಂಥ ಎಲ್ಲರಿಗೂ ಗೊತ್ತಿರುವ ಜಾಗಕ್ಕೆ ಐದೂ ಅಂಕಿ ಇರಲಿ. ತೋಟದ ಕಲ್ಲಿಗೆ ಎರಡೇ ಸಾಕು, ಅದೂ ತೋಟದವರನ್ನು ಕೇಳಿದ ಮೇಲೆ. ಪೂರ್ತಿ ಅಂಕಿ ಪುರಾತತ್ವ ಇಲಾಖೆಗೆ ಹೋಗಲಿ.

ಊರ ಹೆಸರುಗಳಿಗೆ ಈ ಭಯವಿಲ್ಲ. ಮಾಯಸಂದ್ರ, ಬಾಣಸಂದ್ರ, ಅಮ್ಮಸಂದ್ರ, ಮೂರೂ ತುರುವೇಕೆರೆ ತಾಲ್ಲೂಕಿನವು. ಸಂದ್ರ ಎಂದರೆ ಸಮುದ್ರ, ದೊಡ್ಡ ಕೆರೆ. ನೊಣವಿನಕೆರೆ, ಬಿಳಿಗೆರೆ, ಶೆಟ್ಟಿಕೆರೆ, ಕಂದಿಕೆರೆ ಎಂದು ಹೆಸರುಗಳನ್ನು ನಕ್ಷೆಯ ಮೇಲೆ ಇಡುತ್ತ ಹೋಗಿ, ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಯಾವ ಕೆರೆಗೆ ಇಳಿಯುತ್ತದೆ ಎಂದು ಊರ ಹಿರಿಯರನ್ನು ಕೇಳಿ ಗೆರೆ ಎಳೆದರೆ, ಮಳೆ ಕಡಿಮೆಯ ಈ ಸೀಮೆ ನೀರನ್ನು ಹೇಗೆ ತಡೆದು ಹಂಚಿಕೊಂಡಿತ್ತು ಎಂಬುದು ಕಣ್ಣಿಗೆ ಕಟ್ಟುತ್ತದೆ. ನಡುವೆ ಗೆರೆ ಕಡಿದುಹೋದ ಕಡೆ ಒತ್ತುವರಿಯೂ ಇರಬಹುದು. ಅದನ್ನೂ ಮಕ್ಕಳು ಗುರುತಿಸಲಿ.

ಫೋಟೊಗೂ ನಕ್ಷೆಗೂ ಸಿಗದ ಇನ್ನೊಂದು ಉಂಟು, ಅದು ಸದ್ದು. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ. ಹಸಿ ತಿರುಳಿನಲ್ಲಿ ಅರ್ಧಕ್ಕೆ ಹತ್ತಿರವಿದ್ದ ತೇವ ಶೇ. 6ರ ಆಸುಪಾಸಿಗೆ ಇಳಿದು, ತಿರುಳು ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗುತ್ತದೆ. ಒಣ ಹವೆಯ ತಿಪಟೂರು ಉಂಡೆ ಕೊಬ್ಬರಿಗೆ ಹೆಸರಾದದ್ದು ಹೀಗೆ. ಆಯಿತೋ ಇಲ್ಲವೋ ಎಂದು ಅಜ್ಜಿ ಒಡೆದು ನೋಡುವುದಿಲ್ಲ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಮೊದಮೊದಲು ನೀರು ಕುಲುಕುವ ಸದ್ದು. ಆಮೇಲೆ ಕೆಲವು ಕಾಲ ಸದ್ದೇ ಇಲ್ಲ. ಕೊನೆಗೆ ಚಿಪ್ಪಿನೊಳಗೆ ಉಂಡೆ ಲೊಟಲೊಟ ಬಡಿಯುತ್ತದೆ. ಒಂದೇ ಕಾಯಿಗೆ ಗುರುತು ಹಾಕಿಟ್ಟು, ತಿಂಗಳಿಗೊಮ್ಮೆ ಅಜ್ಜಿಯ ಕೈಲಿ ಅಲ್ಲಾಡಿಸಿ ಹತ್ತು ಸೆಕೆಂಡು ರೆಕಾರ್ಡ್ ಮಾಡಿಕೊಳ್ಳಿ. ಪ್ರತಿ ಸಲ ‘ಈಗ ಇದಕ್ಕೆ ಏನಂತಾರೆ?’ ಎಂದು ಕೇಳಿ, ಅವಳು ಹೇಳಿದ ಮಾತನ್ನು ಅವಳ ಉಚ್ಚಾರದಲ್ಲೇ ಉಳಿಸಿಕೊಳ್ಳಿ.