ಗೂಗಲ್‌ಗೆ ಬೇಕಾದ ಪದ ಅಮ್ಮನಿಗೆ ಗೊತ್ತು

ಆರ್.ಟಿ. ನಗರದ ಅಡ್ಡರಸ್ತೆಯೊಂದರಲ್ಲಿ ತಾಯಿಯೊಬ್ಬರು ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ರವಿಕೆ ಹೊಲಿಯುತ್ತಾರೆ, ಸೀರೆಗೆ ಫಾಲ್ಸ್ ಹಾಕಿ ಜಿಗ್‌ಜಾಗ್ ಮಾಡುತ್ತಾರೆ, ಕುಚ್ಚು ಕಟ್ಟುತ್ತಾರೆ. ಡಿಪ್ಲೊಮಾ ಓದುವ ಮಗ ರಜೆಯಲ್ಲಿ ಅಮ್ಮನಿಗೆಂದು ಒಂದು ಜಾಲತಾಣ ಮಾಡುತ್ತಾನೆ. ಬಣ್ಣ ಚೆನ್ನಾಗಿದೆ, ಚಿತ್ರಗಳೂ ಚೆನ್ನಾಗಿವೆ. ಮುಖಪುಟದ ನೆತ್ತಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ 'ಎಕ್ಸ್‌ಕ್ಲೂಸಿವ್ ಎಥ್ನಿಕ್ ಡಿಸೈನರ್ ಸ್ಟುಡಿಯೊ' ಎಂದಿದೆ. ಮೂರು ತಿಂಗಳು ಕಳೆದರೂ ಜಾಲತಾಣ ನೋಡಿ ಫೋನ್ ಮಾಡಿದವರು ಒಬ್ಬರೂ ಇಲ್ಲ. ಅದೇ ಹೊತ್ತಿನಲ್ಲಿ ನಾಲ್ಕು ಬೀದಿಯಾಚೆ, ಮದುವೆಗೆ ಹತ್ತೇ ದಿನ ಉಳಿದಿರುವ ಮನೆಯಲ್ಲಿ, ಏಳು ಸೀರೆಗಳನ್ನು ಮುಂದಿಟ್ಟುಕೊಂಡ ಮದುಮಗಳ ಅಕ್ಕ ಮೊಬೈಲಿನಲ್ಲಿ 'ಸೀರೆ ಕುಚ್ಚು ಆರ್.ಟಿ. ನಗರ' ಎಂದು ಹುಡುಕುತ್ತಿದ್ದಾಳೆ. ಹುಡುಗನ ಪುಟದಲ್ಲಿ 'ಕುಚ್ಚು' ಎಂಬ ಮಾತು ಎಲ್ಲೂ ಇಲ್ಲ.

ಹೊಸ ಜಾಲತಾಣಕ್ಕೆ ಕೀವರ್ಡ್ ಆರಿಸುವುದೆಂದರೆ ಇಷ್ಟೇ: ನಮ್ಮನ್ನು ಹುಡುಕಿಕೊಂಡು ಬರುವವರು ಯಾವ ಮಾತಿನಲ್ಲಿ ಕೇಳುತ್ತಾರೆ ಎಂದು ಮೊದಲೇ ತಿಳಿದು, ಆ ಮಾತನ್ನು ನಮ್ಮ ಪುಟದಲ್ಲಿ ಇಟ್ಟಿರುವುದು. ಕೇಳಲು ಸುಲಭ. ಆದರೆ ಕಂಪ್ಯೂಟರ್ ಬಲ್ಲ ಮಕ್ಕಳಿಗಿಂತ, 'ನಮಗೆ ಅದೆಲ್ಲ ತಿಳಿಯೋಲ್ಲಪ್ಪ' ಎಂದು ದೂರ ನಿಲ್ಲುವ ತಂದೆತಾಯಿಗಳೇ ಈ ಕೆಲಸಕ್ಕೆ ಹೆಚ್ಚು ಲಾಯಕ್ಕು.

ಹುಡುಕುಯಂತ್ರ ಮಾಡುವುದೇನು? ದೊಡ್ಡ ಪುಸ್ತಕದ ಕೊನೆಯಲ್ಲಿ ಯಾವ ಪದ ಯಾವ ಪುಟದಲ್ಲಿದೆ ಎಂಬ ಪದಸೂಚಿ ಇರುತ್ತದಲ್ಲ, ಜಗತ್ತಿನ ಜಾಲತಾಣಗಳಿಗೆಲ್ಲ ಅಂಥದೊಂದು ಸೂಚಿಯನ್ನು ಅದು ಮುಂಚಿತವಾಗಿಯೇ ತಯಾರಿಸಿಟ್ಟುಕೊಂಡಿರುತ್ತದೆ. ನಾವು ಕೇಳಿದಾಗ ಜಾಲವನ್ನೆಲ್ಲ ಜಾಲಾಡುವುದಿಲ್ಲ; ಸೂಚಿಯನ್ನಷ್ಟೇ ತೆರೆದು ನೋಡುತ್ತದೆ. ಸಿಕ್ಕಿದ ಸಾವಿರಾರು ಪುಟಗಳಲ್ಲಿ ಯಾವುದನ್ನು ಮೇಲಿಡಬೇಕು ಎಂಬುದು ಆಮೇಲಿನ ಪ್ರಶ್ನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ 1998ರಲ್ಲಿ ಗೂಗಲ್ ಕಟ್ಟಿದ್ದು ಈ ಎರಡನೇ ಪ್ರಶ್ನೆಗೆ ಹೊಸ ಉತ್ತರ ಕೊಟ್ಟೇ. ಒಂದು ಪುಟಕ್ಕೆ ಬೇರೆ ಪುಟಗಳು ಕೊಡುವ ಕೊಂಡಿಗಳನ್ನು ಅವರು ಮತಗಳಂತೆ ಎಣಿಸಿದರು, ದೊಡ್ಡವರ ಮತಕ್ಕೆ ಹೆಚ್ಚು ತೂಕ ಕೊಟ್ಟರು.

ಅದಕ್ಕೆ ಮುಂಚಿನ ದಿನಗಳದು ಬೇರೆಯೇ ಕಥೆ. 1995ರ ಡಿಸೆಂಬರಿನಲ್ಲಿ ಬಂದ ಆಲ್ಟಾವಿಸ್ಟಾದಂಥ ಯಂತ್ರಗಳ ಕಾಲದಲ್ಲಿ, ಓದುಗರ ಕಣ್ಣಿಗೆ ಬೀಳದಂತೆ ಪುಟದ ಒಳಗೆ ಕೀವರ್ಡ್‌ಗಳ ಪಟ್ಟಿಯೊಂದನ್ನು ಇಡುವ ಪದ್ಧತಿಯಿತ್ತು. ಯಂತ್ರ ಅದನ್ನು ನಂಬುತ್ತಿತ್ತು. ನಂಬುವವರಿದ್ದಲ್ಲಿ ನಂಬಿಸುವವರಿಗೆ ಬರವೇ? ಸೋಪು ಮಾರುವವರು ಸಿನಿಮಾ ನಟಿಯರ ಹೆಸರು ತುಂಬಿದರು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ನೂರು ಸಲ ಬರೆದರು. ಕೊನೆಗೆ 2009ರ ಸೆಪ್ಟೆಂಬರಿನಲ್ಲಿ ಗೂಗಲ್, ಆ ಗುಪ್ತ ಪಟ್ಟಿಯನ್ನು ಪುಟಗಳ ಶ್ರೇಣಿಗೆ ತಾನು ಬಳಸುವುದೇ ಇಲ್ಲ ಎಂದು ಬಹಿರಂಗವಾಗಿ ಹೇಳಿತು. ಒಂದೇ ಪದವನ್ನು ಸುಮ್ಮಸುಮ್ಮನೆ ತುರುಕುವುದು ಇಂದು ಅದರ ನಿಯಮದ ಪ್ರಕಾರ ದೋಷ. ಆದ್ದರಿಂದ 'ಐನೂರು ಕೀವರ್ಡ್ ಹಾಕಿಕೊಡುತ್ತೇವೆ' ಎಂದು ಹಣ ಕೇಳುವವರು ಬಂದರೆ, ಆ ಹಣದಲ್ಲಿ ಅಮ್ಮನಿಗೆ ಒಳ್ಳೆಯ ಕತ್ತರಿ ತಂದುಕೊಡುವುದು ವಾಸಿ.

ಒಂದು ಊರು, ಹಲವು ಕಾಗುಣಿತ

ಬೆಂಗಳೂರಿನ ಉತ್ತರ ಭಾಗದವರಿಗೆ ಮೊದಲ ತೊಡಕು ಎದುರಾಗುವುದು ಊರಿನ ಹೆಸರಿನಲ್ಲೇ. ಯಶವಂತಪುರವನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎಂದು ಹತ್ತು ಜನರಿಗೆ ಹೇಳಿ ನೋಡಿ. ಎಸ್ ಆದ ಮೇಲೆ ಎಚ್ ಹಾಕುವವರು, ಹಾಕದವರು. ಡಬ್ಲ್ಯು ಬರೆಯುವವರು, ವಿ ಬರೆಯುವವರು. ಟಿ ಬೆನ್ನಿಗೆ ಇನ್ನೊಂದು ಎಚ್ ಸೇರಿಸುವವರು. ರೈಲ್ವೆಯವರದು ಇನ್ನೂ ಬೇರೆ: ಎಚ್ ಎಂಬುದೇ ಇಲ್ಲ, ಎಸ್ ಪಕ್ಕದಲ್ಲಿ ನೇರವಾಗಿ ವಿ. ಯಲಹಂಕಕ್ಕೆ ಕನ್ನಡದಲ್ಲೇ ಯಲಹಂಕ, ಯಲಹಂಕಾ, ಎಲಹಂಕ ಎಂಬ ರೂಪಗಳಿವೆ. ಚೋಳರ ಕಾಲದ ಶಾಸನಗಳಲ್ಲಿ ಅದು 'ಇಲೈಪ್ಪಾಕ್ಕ'. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ಶಾಸನದಲ್ಲಿ ಆ ಊರು 'ಪೆರ್ಬೊಳಲ್ ನಾಡು'. ಸದ್ಯ, ಆ ಹೆಸರಿನಲ್ಲಿ ಯಾರೂ ಟ್ಯೂಷನ್ ಹುಡುಕುವುದಿಲ್ಲ!

ತಮಾಷೆ ಬಿಟ್ಟು ನೋಡಿದರೆ, ಹೆಬ್ಬಾಳಕ್ಕೆ ಇನ್ನೊಂದು ಪೇಚಿದೆ. ಮೈಸೂರಿನಲ್ಲೂ ಒಂದು ಹೆಬ್ಬಾಳವಿದೆ, ದೊಡ್ಡ ಕೈಗಾರಿಕಾ ಪ್ರದೇಶ. ಬರೀ 'ಹೆಬ್ಬಾಳ' ಎಂದು ಬರೆದುಕೊಂಡ ಬೆಂಗಳೂರಿನ ಟ್ಯೂಷನ್ ಮನೆಗೆ ಮೈಸೂರಿನಿಂದ ಕರೆ ಬಂದರೆ ಯಾರಿಗೂ ಲಾಭವಿಲ್ಲ. ಊರಿನ ಜೊತೆ ಬೆಂಗಳೂರನ್ನು ಹೇಳಬೇಕು, ಪಿನ್‌ಕೋಡನ್ನೂ ಹೇಳಬೇಕು: ಹೆಬ್ಬಾಳಕ್ಕೆ 560024, ಆರ್.ಟಿ. ನಗರಕ್ಕೆ 560032, ಯಲಹಂಕಕ್ಕೆ 560064. ನಗರದ ಹೆಸರು ಇಂಗ್ಲಿಷಿನಲ್ಲೂ 'ಬೆಂಗಳೂರು' ಎಂದಾದದ್ದು 2014ರ ನವೆಂಬರ್ 1ರಂದು. ಹಳೆಯ 'ಬ್ಯಾಂಗಲೋರ್' ಎಂದೇ ಬೆರಳಾಡಿಸುವವರು ಇನ್ನೂ ಇದ್ದಾರೆ. ಎರಡೂ ಪುಟದಲ್ಲಿರಲಿ. ಆರ್.ಟಿ. ನಗರವೆಂದರೆ ರವೀಂದ್ರನಾಥ ಠಾಗೂರ್ ನಗರ ಎಂಬುದು ಅಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಪೂರ್ತಿ ಹೆಸರನ್ನು ವಿಳಾಸದಲ್ಲಿ ಒಮ್ಮೆ ಬರೆದರೆ ಸಾಕು. ಜನ ಹುಡುಕುವುದು ಎರಡಕ್ಷರದ ಹೆಸರಿನಲ್ಲೇ.

ಇಂದಿನ ಯಂತ್ರ ಕಾಗುಣಿತದ ತಪ್ಪುಗಳನ್ನೂ ಎಷ್ಟೋ ಸಮಾನಾರ್ಥಕಗಳನ್ನೂ ತಾನೇ ಸರಿದೂಗಿಸಿಕೊಳ್ಳುತ್ತದೆ, ನಿಜ. ಆದರೆ ಅದು ಪಳಗಿರುವುದು ಹೆಚ್ಚು ಬಳಕೆಯ ಮಾತುಗಳಲ್ಲಿ. ನಮ್ಮ ಬೀದಿಯ ಮಾತನ್ನು ನಾವೇ ಹೇಳಬೇಕು.

ಕುಚ್ಚಿನ ವಿಷಯವನ್ನೇ ನೋಡಿ. ನಮ್ಮ ಕಡೆಯವರಿಗೆ ಅದು ಕುಚ್ಚು. ಉತ್ತರ ಭಾರತದಿಂದ ಬಂದು ಹೆಬ್ಬಾಳ, ಯಲಹಂಕದ ಅಪಾರ್ಟ್‌ಮೆಂಟ್‌ಗಳಲ್ಲಿರುವವರು ಕೇಳುವುದು 'ಟ್ಯಾಸೆಲ್'. ನಾವು ಜಿಗ್‌ಜಾಗ್ ಎನ್ನುವುದಕ್ಕೆ ಅವರು 'ಪಿಕೋ' ಎನ್ನುತ್ತಾರೆ. ರವಿಕೆಯ ಮೇಲಿನ ಕೈಕಸೂತಿ ತೆಲುಗಿನವರಿಗೆ 'ಮಗ್ಗಂ ವರ್ಕ್', ಉಳಿದವರಿಗೆ 'ಆರಿ ವರ್ಕ್'. ಈ ವ್ಯತ್ಯಾಸ ಮಗನಿಗೆ ಯಾವ ಪಠ್ಯಪುಸ್ತಕದಲ್ಲೂ ಸಿಗದು. ಬಾಗಿಲಿಗೆ ಬರುವ ಗಿರಾಕಿಗಳ ಬಾಯಲ್ಲಿ ವರ್ಷಗಟ್ಟಲೆ ಕೇಳಿದ ಅಮ್ಮನಿಗೆ ಗೊತ್ತು. ಬರೀ 'ಸೀರೆ' ಎಂಬ ಪದದ ಹಿಂದೆ ಹೋದರೆ ದೇಶದ ದೊಡ್ಡ ದೊಡ್ಡ ಮಳಿಗೆಗಳ ಜೊತೆ ಪೈಪೋಟಿ, ಗೆಲ್ಲುವ ಮಾತಿಲ್ಲ. 'ರೇಷ್ಮೆ ಸೀರೆಗೆ ಕೈಯಲ್ಲಿ ಕಟ್ಟಿದ ಕುಚ್ಚು, ಆರ್.ಟಿ. ನಗರ' ಎಂಬ ಉದ್ದನೆಯ ಮಾತಿಗೆ ಹುಡುಕುವವರು ಕಡಿಮೆ, ಆದರೆ ಹುಡುಕಿದವರು ಸೀರೆ ಹಿಡಿದುಕೊಂಡೇ ಬರುತ್ತಾರೆ. ಪ್ರತಿದಿನ ತನ್ನಲ್ಲಿ ನಡೆಯುವ ಹುಡುಕಾಟಗಳಲ್ಲಿ ಶೇ 15ರಷ್ಟು ಹಿಂದೆಂದೂ ಕಂಡಿರದಂಥವು ಎಂದು ಗೂಗಲ್ ಹೇಳಿಕೊಂಡಿದೆ. ಜನ ತಮಗೆ ತೋಚಿದಂತೆ ಕೇಳುತ್ತಾರೆ, ಪಟ್ಟಿ ನೋಡಿಕೊಂಡಲ್ಲ.

ಕನ್ನಡದ ಪದ ಕಾಣದಿದ್ದ ಕಾಲ

ಕನ್ನಡದಲ್ಲಿ ಬರೆದರೆ ಯಾರು ಹುಡುಕುತ್ತಾರೆ ಎಂಬ ಅನುಮಾನ ಅನೇಕರದು. ಹಿಂದೆ ಇದಕ್ಕೆ ಕಾರಣವಿತ್ತು. ಯು.ಬಿ. ಪವನಜ ಅವರು 1996ರಲ್ಲಿ 'ವಿಶ್ವಕನ್ನಡ' ಆರಂಭಿಸಿ ಕನ್ನಡವನ್ನು ಅಂತರಜಾಲಕ್ಕೆ ತಂದ ಕಾಲದಲ್ಲಿ ಜಾಲತಾಣ ಓದಲು ಅದರ ಫಾಂಟನ್ನೂ ಇಳಿಸಿಕೊಳ್ಳಬೇಕಿತ್ತು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಪರದೆಯ ಮೇಲೆ ನಮಗೆ 'ಬೆಂಗಳೂರು' ಎಂದು ಕಂಡದ್ದು ಹುಡುಕುಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಎಷ್ಟು ಬರೆದರೂ ಪದಸೂಚಿಯಲ್ಲಿ ಕನ್ನಡದ ಒಂದು ಪದವೂ ಇರಲಿಲ್ಲ. ಪ್ರತಿ ಭಾಷೆಯ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡವಿತ್ತು. ಅದು ನಮ್ಮ ಮನೆಯ ಕಂಪ್ಯೂಟರುಗಳಿಗೂ ಬರಹಗಾರರ ಅಭ್ಯಾಸಕ್ಕೂ ಇಳಿಯಲು ವರ್ಷಗಳು ಹಿಡಿದವು. ಇಂದಿಗೂ ಹಳೆಯ ಫಾಂಟಿನ ಪಠ್ಯವನ್ನು ಹಾಗೇ ಅಂಟಿಸಿದರೆ, ಅಥವಾ ಅಂಗಡಿಯ ಕರಪತ್ರದ ಫೋಟೊ ತೆಗೆದು ಪುಟಕ್ಕೆ ಏರಿಸಿ ಕೈತೊಳೆದುಕೊಂಡರೆ, ಮತ್ತೆ ಅದೇ ಪಾಡು. ಚಿತ್ರದೊಳಗಿನ ಅಕ್ಷರಗಳನ್ನು ಯಂತ್ರ ಪಠ್ಯದಂತೆ ಓದುತ್ತದೆಂದು ನಂಬಿ ಕೂರುವಂತಿಲ್ಲ.

2017ರಲ್ಲಿ ಗೂಗಲ್‌ನ ಧ್ವನಿ ಹುಡುಕಾಟಕ್ಕೆ ಕನ್ನಡವೂ ಸೇರಿತು. ಟೈಪ್ ಮಾಡಲು ಬಾರದ ಅಜ್ಜಿಯೂ ಫೋನಿಗೆ ಬಾಯಿಟ್ಟು 'ಕುಚ್ಚು ಹಾಕೋರು ಎಲ್ಲಿದಾರೆ' ಎಂದು ಕೇಳಬಹುದು. ಇನ್ನೊಂದು ಸೂಕ್ಷ್ಮ: ಕನ್ನಡದ ಪದ ವಿಭಕ್ತಿ ಸೇರಿದರೆ ರೂಪ ಬದಲಿಸುತ್ತದೆ. ಪುಟದ ತುಂಬ 'ಯಲಹಂಕದಲ್ಲಿ', 'ಯಲಹಂಕದಿಂದ' ಎಂದೇ ಬರೆದು, ಬರೀ 'ಯಲಹಂಕ' ಎಂಬುದನ್ನು ಮರೆಯಬೇಡಿ. ಶೀರ್ಷಿಕೆಯಲ್ಲಾದರೂ ಮೂಲರೂಪ ಇರಲಿ.

ಹಾಗಾದರೆ ಮಾಡಬೇಕಾದದ್ದು? ಎರಡು ವಾರ ಒಂದು ನೋಟುಪುಸ್ತಕವನ್ನು ಫೋನಿನ ಪಕ್ಕದಲ್ಲಿಡಿ. ಗಿರಾಕಿಗಳು ಕೇಳಿದ ಮಾತನ್ನು ಕೇಳಿದಂತೆಯೇ, ತಿದ್ದದೆ, ಅಮ್ಮ ಬರೆಯಲಿ. 'ಅರ್ಜೆಂಟಾಗಿ ಬ್ಲೌಸ್ ಹೊಲಿದುಕೊಡ್ತೀರಾ?' ಎಂಬುದೂ ಕೀವರ್ಡೇ. ಆಮೇಲೆ ಮಗ ಆ ಒಂದೊಂದು ಮಾತನ್ನೂ ಗೂಗಲ್‌ನಲ್ಲಿ ಅರ್ಧ ಟೈಪ್ ಮಾಡಿ, ಕೆಳಗೆ ಯಾವ ಸಲಹೆಗಳು ಇಳಿಯುತ್ತವೆ ನೋಡಲಿ; ಅವು ಇತರರು ಕೇಳಿದ ಮಾತುಗಳ ಮೇಲೆ ನಿಂತವು. ಗೂಗಲ್ ಟ್ರೆಂಡ್ಸ್‌ನಲ್ಲಿ ಕರ್ನಾಟಕವನ್ನು ಆರಿಸಿಕೊಂಡು ಎರಡು ಪದಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಹುದು, ಖರ್ಚಿಲ್ಲ. ಆರಿಸಿದ ಮಾತು ಪುಟದ ಶೀರ್ಷಿಕೆಯಲ್ಲಿ, ಮೊದಲ ವಾಕ್ಯದಲ್ಲಿ, ಚಿತ್ರದ ವಿವರಣೆಯಲ್ಲಿ ಸಹಜವಾಗಿ ಬರಲಿ. ಕುಚ್ಚಿಗೊಂದು ಪುಟ, ರವಿಕೆಗೊಂದು ಪುಟ. ಗೂಗಲ್‌ನ ನಕ್ಷೆಯಲ್ಲಿ ವ್ಯಾಪಾರದ ವಿವರ ನೋಂದಾಯಿಸಲೂ ದುಡ್ಡು ಕೊಡಬೇಕಿಲ್ಲ. ಇಂಥ ಮನೆಗೆಲಸಕ್ಕೆ ಕೆಲವೊಮ್ಮೆ ಜಾಲತಾಣಕ್ಕಿಂತ ಅದೇ ಹೆಚ್ಚು ಉಪಯೋಗ.

'ಮೊದಲ ಸ್ಥಾನ ಗ್ಯಾರಂಟಿ' ಎನ್ನುವವರ ಬಗ್ಗೆ ಗೂಗಲ್‌ನದೇ ಎಚ್ಚರಿಕೆಯಿದೆ: ಅಂಥ ಗ್ಯಾರಂಟಿಯನ್ನು ಯಾರೂ ಕೊಡಲಾರರು. ಭಾರತದಲ್ಲಿ 2024ರಿಂದ ಯಂತ್ರವೇ ಅನೇಕ ಪ್ರಶ್ನೆಗಳಿಗೆ ಉತ್ತರ ಬರೆದು ಪುಟದ ಮೇಲ್ಭಾಗದಲ್ಲಿಡತೊಡಗಿದ ಮೇಲಂತೂ ಮೊದಲ ಸ್ಥಾನ ಎಂಬುದರ ಅರ್ಥವೇ ಸಡಿಲವಾಗಿದೆ.

ಜಾಲತಾಣ ತೆರೆದ ಕೂಡಲೇ ಅದನ್ನು ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯಕ್ಕೆ ಸೇರಿಸಿಬಿಡಿ. ಯಾವ ಯಾವ ಮಾತುಗಳಿಗೆ ನಿಮ್ಮ ಪುಟ ಕಾಣಿಸಿಕೊಂಡಿತು, ಎಷ್ಟು ಜನ ಒತ್ತಿ ಒಳಗೆ ಬಂದರು ಎಂಬ ಲೆಕ್ಕ ಅಲ್ಲಿ ಸಿಗುತ್ತದೆ. ಎರಡು ಮೂರು ತಿಂಗಳ ಬಳಿಕ ಆ ಪಟ್ಟಿಯನ್ನು ಅಮ್ಮನಿಗೆ ಓದಿ ಹೇಳಿ. ನೀವು ಊಹಿಸದ ಮಾತೊಂದು ಅದರಲ್ಲಿದ್ದರೆ, ಆ ಕೆಲಸ ಅಮ್ಮನಿಗೆ ಬರುತ್ತದೆಯೇ ಎಂದು ಕೇಳಿಕೊಂಡು, ಅದಕ್ಕೂ ಒಂದು ಪುಟ ಬರೆಯಿರಿ.